ದವಡೆಯಲ್ಲಿ ಹಾಡು ಕಮ್ಮಿ

ನೀವೇ ನ್ಯಾಯ ಹೇಳಿ. ಗಂಡನಾದವನು ಬೆಳಿಗ್ಗೆ ಎದ್ದು, ಸ್ನಾನ ಮುಗಿಸಿ, ಹಣೆಗೆ ಅಕ್ಷತೆ ಇಟ್ಟು, ಶ್ರುತಿಪೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ ‘ಸಾ...’ ಎಂದು ಷಡ್ಜ ಹಿಡಿದರೆ ಹೆಂಡತಿಯಾದವಳು ಏನು ಮಾಡಬೇಕು? ತಲೆದೂಗಬೇಕು. ತಲೆದೂಗದಿದ್ದರೆ ಬೇಡ, ತಲೆ ತಗ್ಗಿಸಿಕೊಂಡು ತನ್ನ ಕೆಲಸವನ್ನಾದರೂ ನೋಡಿಕೊಳ್ಳಬೇಕು. ನನ್ನ ಹೆಂಡತಿ ಸೀತಾಲಕ್ಷ್ಮಿ ಏನು ಮಾಡಿದಳು ಗೊತ್ತೆ? ಅಡಿಗೆಮನೆಯಲ್ಲಿ ಗ್ಯಾಸ್ ಆರಿಸಿಬಿಟ್ಟಳು!

“ಯಾಕೆ ಆರಿಸಿದೆ?”

“ಕುಕ್ಕರ್ ಮೂರು ಸಲ ಕೂಗ್ತಲ್ಲ.”

“ಅದು ಕೂಗಿದ್ದು ಒಂದೇ ಸಲ ಕಣೇ! ಮಿಕ್ಕ ಎರಡು ನನ್ನ ಷಡ್ಜ!”

“ಓ, ನೀವಾ? ಮುಂಚೆ ಹೇಳಿ ಕೂಗಬಾರದಾ?” ಎಂದು ಮತ್ತೆ ಗ್ಯಾಸ್ ಹಚ್ಚಿದಳು. ಅವತ್ತಿನ ಸಾರಿನಲ್ಲಿ ಬೇಳೆ ಕಾಳುಕಾಳಾಗಿ ಸಿಕ್ಕಿತು. ಅದಕ್ಕೂ ನಾನೇ ಹೊಣೆಯಂತೆ.

ವಿಷಯ ಇಷ್ಟೆ. ನನ್ನ ಮೇಲುಸಾಲಿನ ಮುಂಭಾಗದಲ್ಲಿ ಒಂದು ಹಲ್ಲಿಲ್ಲ. ಎರಡು ವರ್ಷದ ಹಿಂದೆ ಮೈಸೂರಿಗೆ ಹೋದಾಗ ನಮ್ಮತ್ತೆ ಕೈಯಾರೆ ಕರಿದ ಕೋಡುಬಳೆ ಕಚ್ಚಿದೆ. ಕೋಡುಬಳೆಗೆ ಏನೂ ಆಗಲಿಲ್ಲ. (“ಹಲ್ಲು ಮೊದಲೇ ಹುಳುಕಾಗಿತ್ತು, ನಮ್ಮಮ್ಮನ ಕೋಡುಬಳೆ ಬರೀ ನೆಪ” ಎಂಬುದು ಸೀತುವಿನ ವಾದ. ಈ ಮೊಕದ್ದಮೆ ಇನ್ನೂ ನಡೆಯುತ್ತಿದೆ.) ಮುರಿದದ್ದನ್ನು ಅಲ್ಲಿಯ ಡಾಕ್ಟರು ಬುಡಸಮೇತ ಕಿತ್ತು, “ತಡ ಮಾಡದೆ ಹೊಸ ಹಲ್ಲು ಕೂರಿಸ್ಕೊಳ್ಳಿ” ಎಂದು ಕೈ ಮುಗಿಯುವ ಹಾಗೆ ಹೇಳಿದರು. ನಾನು ತಡ ಮಾಡಿದೆ. ಯಾಕೆಂದರೆ ಹಲ್ಲು ಕೂರಿಸಲು ಸೂಜಿ ಚುಚ್ಚುತ್ತಾರೆ. ನಾನು ಹುಲಿಗೆ ಹೆದರುವವನಲ್ಲ (ಇದುವರೆಗೆ ಸಿಕ್ಕಿಲ್ಲ), ಮೇಲಧಿಕಾರಿಗೆ ಹೆದರುವವನಲ್ಲ (ಅವರಿಗೆ ಇದು ಗೊತ್ತಿಲ್ಲ), ಸೂಜಿ ಎಂದರೆ ಮಾತ್ರ ಓಟ ಕೀಳುತ್ತೇನೆ. ಸೂಜಿ ಬೇಡವೆಂದು ಹಾಕಿ ತೆಗೆಯುವ ಹಲ್ಲೊಂದನ್ನು ಮಾಡಿಸಿಕೊಂಡೆ. ಅದು ಸತ್ಯನಾರಾಯಣ ಪೂಜೆಯಲ್ಲಿ ನಾನು ಭಕ್ತಿಪರವಶನಾಗಿ ತಾರಕಕ್ಕೆ ಏರಿದಾಗ ಹಾರಿಹೋಗಿ ಮಂಗಳಾರತಿ ತಟ್ಟೆಯಲ್ಲಿ ಬಿತ್ತು. ಪುರೋಹಿತರು ಅದನ್ನು ಕಾಣಿಕೆಯೆಂದೂ ತೆಗೆದುಕೊಳ್ಳಲಿಲ್ಲ, ತಟ್ಟೆಯನ್ನೂ ಮತ್ತೆ ಮುಟ್ಟಲಿಲ್ಲ.

ಅಂದಿನಿಂದ ನನ್ನ ‘ಸ’ ಎಲ್ಲ ಸೀಟಿ. ಹೇಳಿ, ಸಂಗೀತಕ್ಕೆ ಮೊದಲ ಅಕ್ಷರ ಯಾವುದು?

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ನಾಗಪುರದ ಪಕ್ಕದ ನಮ್ಮ ಕೋರಾಡಿ ಕಾಲೊನಿಯ ಗಣೇಶೋತ್ಸವ ಹತ್ತಿರ ಬಂತಲ್ಲ! ನಾನು ಇಲ್ಲಿಯ ವಿದ್ಯುತ್ ಸ್ಥಾವರಕ್ಕೆ ಯಂತ್ರ ಒದಗಿಸುವ ಕಂಪನಿಯ ಇಂಜಿನಿಯರು. ಬಂದಾಗಿನಿಂದ ಪ್ರತಿ ಗಣಪತಿಗೂ ಪೆಂಡಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೇರೆಯವರ ಹಾಡಿಗೆ ಚಪ್ಪಾಳೆ ತಟ್ಟಿದ್ದೇ ಬಂತು. ಈ ಸಲ ವೇದಿಕೆ ಹತ್ತಲೇಬೇಕು, ಹಾಡಲೇಬೇಕು, ಮೈಸೂರಿನ ಗಂಟಲು ಏನೆಂದು ನಾಗಪುರಕ್ಕೆ ತೋರಿಸಲೇಬೇಕು! ಅದಕ್ಕೆ ಹಲ್ಲು ಬೇಕು. ಹಲ್ಲಿಗೆ ಸೂಜಿ ಬೇಕು. ಇದು ನನ್ನ ಧರ್ಮಸಂಕಟ.

ಇಲ್ಲಿ ನನ್ನ ಮರಾಠಿಯ ಬಗ್ಗೆ ಎರಡು ಮಾತು ಹೇಳಬೇಕು. ಸೀತು ಇಲ್ಲಿಯ ಶಾಲೆಯಲ್ಲಿ ಗಣಿತದ ಟೀಚರು. ಪಾಪ, ಮಕ್ಕಳ ಪುಸ್ತಕ ಇಟ್ಟುಕೊಂಡು, ಪಕ್ಕದ ಮನೆಯವರನ್ನು ಕೇಳಿ ಕೇಳಿ, ಕಷ್ಟಪಟ್ಟು ಮರಾಠಿ ಕಲಿತಳು. ನಾನು ಕಲಿಯಲಿಲ್ಲ, ಕಂಡುಹಿಡಿದೆ! ಕಾಗದಕ್ಕೆ ಕಾಗದ್, ತುಪ್ಪಕ್ಕೆ ತೂಪ್, ಚಿಲ್ಲರೆಗೆ ಚಿಲ್ಲರ್. ಏನು ಅರ್ಥವಾಯಿತು? ಕನ್ನಡ ಪದದ ಬಾಲ ಕತ್ತರಿಸಿದರೆ ಮರಾಠಿ! ಇದು ಶ್ರೀಪಾದ ಸಿದ್ಧಾಂತ. (ಶ್ರೀಪಾದ ಅಂದರೆ ನಾನೇ.) ಹತ್ತು ಪದಕ್ಕೆ ಒಂಬತ್ತು ಬರೋಬರ್ ಕೂರುತ್ತವೆ. ಅದೇ ಸಿದ್ಧಾಂತದ ಪ್ರಕಾರ ‘ಹಾಡು’ ಪದದ ಬಾಲ ಕತ್ತರಿಸಿದೆ, ‘ಹಾಡ್’ ಆಯಿತು.

ಈಗ ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ, ನನ್ನ ಹಾಗೆ ನೀವು ಮೋಸ ಹೋಗಬೇಡಿ. ಮರಾಠಿಯಲ್ಲಿ ಹಾಡ್ ಅಂದರೆ ಹಾಡಲ್ಲ, ಎಲುಬು! ಮೂಳೆ! ಈ ಜ್ಞಾನ ನನಗೆ ಬಂದಾಗ ನಾನು ಮಲಗಿದ್ದೆ, ಬಾಯಿ ತೆರೆದಿತ್ತು. ಅಲ್ಲಿಗೆ ಬರೋಣ.

ಮೊದಲು ಹೋದದ್ದು ಉತ್ಸವ ಸಮಿತಿಯ ಕಾರ್ಯದರ್ಶಿ ಬೇಬಿತಾಈ ಅವರ ಹತ್ತಿರ. (ತಾಈ ಅಂದರೆ ಅಕ್ಕ. ಬಂದ ಹೊಸದರಲ್ಲಿ ಅದು ‘ತಾಯಿ’ ಎಂದು ತಿಳಿದು, ನನಗಿಂತ ಚಿಕ್ಕವಳಾದ ಆಕೆಯ ಕಾಲಿಗೆ ಬಿದ್ದಿದ್ದೆ. ಅಂದಿನಿಂದ ನನ್ನ ಮೇಲೆ ವಿಶೇಷ ವಿಶ್ವಾಸ.) “ಗಣಪತೀತ್ ಮಾಝ್ಯಾ ಹಾಡಾಚಾ ಕಾರ್ಯಕ್ರಮ್ ಠೇವಾ” ಎಂದೆ. ಗಣಪತಿ ಹಬ್ಬದಲ್ಲಿ ನನ್ನ ಹಾಡಿನ ಕಾರ್ಯಕ್ರಮ ಇಡಿ, ಅಂತ.

ಬೇಬಿತಾಈ ಕಣ್ಣರಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಾಡಾಚಾ? ಅರೇ ವಾ! ಎಂಥ ಒಳ್ಳೆ ವಿಷಯ! ನಮ್ಮ ಕಾಲೊನಿಯ ಹೆಂಗಸರಿಗೆಲ್ಲ ಇದರ ಅಗತ್ಯ ತುಂಬಾ ಇದೆ ಜೀ. ನಲವತ್ತು ದಾಟಿದವರಿಗಂತೂ ಬೇಕೇ ಬೇಕು!”

ನಾನು ಮನೆಗೆ ನಡೆದು ಬಂದೆನೋ ತೇಲಿ ಬಂದೆನೋ ಗೊತ್ತಿಲ್ಲ. ಕಾಲೊನಿಯ ಅಷ್ಟೂ ಹೆಂಗಸರಿಗೆ ನನ್ನ ಹಾಡಿನ ಅಗತ್ಯ! ನಲವತ್ತು ದಾಟಿದವರಿಗೆ ಬೇಕೇ ಬೇಕು! ಈ ಮಾತನ್ನು ಸೀತುವಿಗೆ ಹೇಳಲಿಲ್ಲ. ಅವಳಿಗೂ ನಲವತ್ತು ದಾಟಿದೆ, ಅವಳಿಗೆ ಮಾತ್ರ ಅಗತ್ಯ ಬಿದ್ದಿರಲಿಲ್ಲ.

ಇನ್ನು ಹಲ್ಲು. ನಾಗಪುರದ ಧರಮಪೇಠದಲ್ಲಿ ಡಾಕ್ಟರ್ ನಯನಾ ಎಂಬ ದಂತವೈದ್ಯೆ ಇದ್ದಾರೆ, ಕೈ ಹಗುರ, ಎಂದು ಎಲ್ಲರೂ ಹೇಳಿದರು. ಸುಮ್ಮನೆ ತೋರಿಸಿಕೊಂಡು ಬರುವುದು, ಸೂಜಿಯ ಮಾತು ಬಂದರೆ ಎದ್ದು ಬರುವುದು ಎಂದು ನಿಶ್ಚಯಿಸಿ ಸ್ಕೂಟರ್ ಏರಿದೆ.

ಒಳಗೆ ಹೋದ ಕೂಡಲೇ ಒಂದು ಯಂತ್ರದ ಮುಂದೆ ನಿಲ್ಲಿಸಿದರು. ಗದ್ದ ಇಡಲು ಒಂದು ಕಟ್ಟೆ, ತಲೆಯ ಸುತ್ತ ಗಿರಗಿರ ತಿರುಗುವ ತೋಳು. ಒಳ್ಳೆಯ ರೆಕಾರ್ಡಿಂಗ್ ಸಲಕರಣೆ ಅಂದುಕೊಂಡೆ. ಅದು ತಿರುಗತೊಡಗಿದಾಗ ಶ್ರುತಿ ಹಿಡಿದು ತಲೆದೂಗಿದೆ. ಯಂತ್ರದವಳು “ಹಲೂ ನಕಾ! ಹಲೂ ನಕಾ!” ಎಂದು ಕೂಗಿಕೊಂಡಳು. (ಅಲುಗಾಡಬೇಡಿ ಅಂತ ಅರ್ಥವಂತೆ.) ಹಲ್ಲು ಬೇಡ ಅನ್ನುತ್ತಿದ್ದಾಳೆ ಎಂದುಕೊಂಡು ನನಗೆ ಸಿಟ್ಟು ಬಂತು. ಹಲ್ಲು ಬೇಕು ಅಂತ ತಾನೇ ಇಷ್ಟು ದೂರ ಬಂದಿರುವುದು!

ಆಮೇಲೆ ಡಾಕ್ಟರು ಕರೆದರು. ನಗುಮುಖದ ಹೆಣ್ಣುಮಗಳು. ಯಾವ ಭಾಷೆಯಲ್ಲಿ ಮಾತಾಡೋಣ, ಹಿಂದಿಯೋ ಇಂಗ್ಲಿಷೋ ಎಂದು ಕೇಳಿದರು. “ಮರಾಠೀಚ್!” ಎಂದು ಎದೆಯುಬ್ಬಿಸಿ ಹೇಳಿ, “ಹಾಡಾಸಾಠೀ ಆಲೋ ಆಹೇ” ಎಂದೂ ಸೇರಿಸಿದೆ. ಹಾಡಿಗಾಗಿ ಬಂದಿದ್ದೇನೆ.

ಡಾಕ್ಟರ ಮುಖ ಅರಳಿತು. (ಅವರ ಮಾತನ್ನು ನಿಮಗಾಗಿ ಕನ್ನಡ ಮಾಡಿ ಕೊಡುತ್ತೇನೆ. ‘ಹಾಡ್’ ಒಂದನ್ನು ಮಾತ್ರ ಹಾಗೇ ಬಿಡುತ್ತೇನೆ.) “ಎಲ್ಲರೂ ಹಲ್ಲು ಹಲ್ಲು ಅಂತ ಬರ್ತಾರೆ. ಹಾಡ್ ಬಗ್ಗೆ ಯೋಚನೆ ಮಾಡಿಕೊಂಡು ಬಂದವರು ನೀವೇ ಮೊದಲು!” ಎಂದರು. ಕಂಪ್ಯೂಟರಿನ ಪರದೆ ನನ್ನತ್ತ ತಿರುಗಿಸಿದರು. ಬೂದುಬಣ್ಣದ ಅಲೆಗಳು, ಏರಿಳಿತಗಳು. ನನ್ನ ಧ್ವನಿಯ ನಕ್ಷೆ ಎಂದು ಕಂಡ ಕೂಡಲೇ ಗುರುತಿಸಿದೆ.

“ಇಲ್ಲಿ ನೋಡಿ. ನಿಮ್ಮ ಹಾಡ್ ಬಹಳ ಕಮ್ಮಿಯಾಗಿದೆ.”

“ಆಗದೆ ಏನು ಡಾಕ್ಟರ್! ಎರಡು ವರ್ಷದಿಂದ ಸೀಟಿ ಹೊಡೀತಿದ್ದೀನಿ.”

“ಹಲ್ಲು ತೆಗೆಸಿದ ಮೇಲೆ ಎಲ್ಲರಿಗೂ ಹೀಗೇ. ಕೆಲಸ ಇಲ್ಲದಿದ್ರೆ ಹಾಡ್ ಕರಗ್ತಾ ಹೋಗುತ್ತೆ. ಮೊದಲ ವರ್ಷದಲ್ಲೇ ಹೆಚ್ಚು ಕರಗೋದು. ಹಲ್ಲು ಇದ್ದಾಗ ಅಗಿದು ಅಗಿದು ಹಾಡ್ ಗಟ್ಟಿಯಾಗಿರುತ್ತೆ.”

ನನ್ನ ಕಣ್ಣಲ್ಲಿ ನೀರೇ ಬಂತು. ಸಾಹಿತ್ಯವನ್ನು ಅಗಿದು ಅಗಿದು ಹಾಡಬೇಕು ಎಂದು ನಮ್ಮ ಸಂಗೀತದ ಮೇಷ್ಟ್ರು ಬಡಕೊಳ್ಳುತ್ತಿದ್ದರು, ಥೇಟ್ ಅದೇ ಮಾತು! ಕಲಾವಿದನ ಮನಸ್ಸು ಅರಿತ ವೈದ್ಯೆಯನ್ನು ನಾನು ಜೀವನದಲ್ಲಿ ಕಂಡಿರಲಿಲ್ಲ.

“ಎತ್ತರ ಪರವಾಗಿಲ್ಲ. ಅಗಲ ಮಾತ್ರ ತೀರ ಕಮ್ಮಿ” ಎಂದರು.

ಮೇಲಿನ ಸ್ಥಾಯಿ ಚೆನ್ನಾಗಿದೆ, ವಿಸ್ತಾರ ಸಾಲದು. ನಿಜ, ನಿಜ! ನನ್ನ ಆಲಾಪನೆ ಮೊದಲಿನಿಂದಲೂ ಚುಟುಕು.

“ಹೀಗಿರುವಾಗ ಹೊಸ ಹಲ್ಲಿನ ಸ್ಕ್ರೂ ಕೂರಿಸಿದ್ರೆ ನಿಲ್ಲಲ್ಲ. ಮೊದಲು ಹಾಡ್ ತುಂಬಬೇಕು. ಅದಕ್ಕೆ ನಾಲ್ಕು ದಾರಿ ಇವೆ. ಸ್ವಂತ ಹಾಡ್ ಎಲ್ಲಕ್ಕಿಂತ ಉತ್ತಮ. ಹನುವಟೀತೂನ್ ಕಾಢಾಯಚಂ.”

ಹನುವಟಿ ಅಂದರೆ ಗದ್ದವಂತೆ, ಅಲ್ಲಿಂದ ತೆಗೆಯುವುದಂತೆ. ನನಗೆ ಕೇಳಿಸಿದ್ದು ಹನುಮತೋಡಿ! ತೋಡಿ ರಾಗದಲ್ಲಿ ನಾನೇ ಸ್ವಂತವಾಗಿ ಕೃತಿ ರಚಿಸಬೇಕಂತೆ. ನಾಗಪುರದ ಹಲ್ಲಿನ ಡಾಕ್ಟರಿಗೆ ನಮ್ಮ ಮೇಳಕರ್ತ ಗೊತ್ತು! ಆದರೆ ಗಣಪತಿ ಹತ್ತಿರವಾಗಿತ್ತು. “ತೋಡಿ ನನಗೆ ಭಾರ ಡಾಕ್ಟರ್, ಅಷ್ಟು ಆಳಕ್ಕೆ ಇಳಿಯೋದು ಬೇಡ” ಎಂದೆ.

“ಸರಿ, ನೋವಾಗುತ್ತೆ ಅಂತ ಬಹಳ ಜನ ಬೇಡ ಅಂತಾರೆ. ಎರಡನೇದು, ಸತ್ತವರ ಹಾಡ್. ಶುದ್ಧ ಮಾಡಿ ಡಬ್ಬಿಯಲ್ಲಿಟ್ಟು ಕಳಿಸ್ತಾರೆ. ನಿಮಗೆ ಅಭ್ಯಂತರ ಇಲ್ಲ ತಾನೇ?”

“ಅಭ್ಯಂತರ? ನಾನು ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ತಗೊಳ್ಳೋದೇ ಸತ್ತವರ ಹಾಡ್! ಚಿಕ್ಕಂದಿನಿಂದ ಅಭ್ಯಾಸ. ನಮ್ಮಪ್ಪನೂ ಅದನ್ನೇ ತಗೋತಿದ್ರು, ನಮ್ಮ ತಾತನೂ ಅದನ್ನೇ.”

ಡಾಕ್ಟರು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿದರು. ಹಿಂದೆ ನಿಂತಿದ್ದ ನರ್ಸಮ್ಮನ ಕೈಯಿಂದ ತಟ್ಟೆ ಬಿತ್ತು. ನಮ್ಮ ಮನೆತನದ ಪರಂಪರೆ ಕೇಳಿ ಬೆರಗಾದರು ಎಂದು ತಿಳಿದೆ.

“ಮೂ... ಮೂರನೇದು, ಪ್ರಾಣ್ಯಾಚಂ ಹಾಡ್” ಎಂದರು ಡಾಕ್ಟರು, ಧ್ವನಿ ಸರಿಪಡಿಸಿಕೊಂಡು. “ನಾಲ್ಕನೇದು ಕೃತ್ರಿಮ. ಕಾರ್ಖಾನೆಯಲ್ಲಿ ತಯಾರಾಗೋದು, ಯಾವ ಜೀವದ ಸಂಬಂಧವೂ ಇಲ್ಲ.”

ಕೃತ್ರಿಮ ಅಂದರೆ ಆ ಯಂತ್ರಕ್ಕೆ ಬಾಯಿ ಆಡಿಸುವ ಕರೋಕೆ ತಾನೇ? ಛೀ! ಆದರೆ ಮೂರನೆಯದು! ಪ್ರಾಣದ ಹಾಡು! ಪ್ರಾಣವಾಯುವಿನಿಂದ, ನಾಭಿಯಿಂದ ಎದ್ದು ಬರುವ ಹಾಡು! ನಾನು ಕುರ್ಚಿಯಿಂದ ಎದ್ದುನಿಂತು ಎದೆ ಮುಟ್ಟಿಕೊಂಡು, “ಮಲಾ ಪ್ರಾಣ್ಯಾಚಂಚ್ ಹಾಡ್ ಪಾಹಿಜೇ!” ಎಂದೆ. ನನಗೆ ಅದೇ ಬೇಕು!

“ನೀವು ಸಸ್ಯಾಹಾರಿ ಅಂತ ಬರೆಸಿದ್ದೀರಿ. ಚಾಲೇಲ್ ನಾ?” ನಡೆಯುತ್ತೆ ತಾನೇ ಎಂದು ಅನುಮಾನದಿಂದ ಕೇಳಿದರು.

“ಚಾಲೇಲ್? ಪಳೇಲ್!” ಎಂದೆ. ನಡೆಯೋದೇನು, ಓಡುತ್ತೆ! ಈ ಚಮತ್ಕಾರವನ್ನು ಕಾಲೊನಿಯಲ್ಲಿ ಕೇಳಿ ಕಲಿತು, ಹೇಳುವ ಅವಕಾಶಕ್ಕೆ ಕಾದಿದ್ದೆ.

“ಹಾಗಾದ್ರೆ ಗುರುವಾರೀ ಹಾಡ್ ಬಸವೂ.” ಗುರುವಾರ ಕೂರಿಸೋಣ ಅಂತ.

ನಾಟಕದ ತಾಲೀಮು ಮಾಡಿಸುವುದಕ್ಕೆ ನಾಟಕ ‘ಬಸವಣೆ’ ಅನ್ನುತ್ತಾರೆ ಎಂದು ನನಗೆ ಗೊತ್ತು. ಅಂದರೆ ಗುರುವಾರ ಹಾಡಿನ ಬೈಠಕ್! ಆಸ್ಪತ್ರೆಯಲ್ಲೇ! ಹಲ್ಲು ಕೂರಿಸುವ ಮೊದಲು ಕಂಠ ಪರೀಕ್ಷೆ! ಸೂಜಿಯ ಸುದ್ದಿಯೇ ಇಲ್ಲ! ಒಂದು ಹಾಳೆಗೆ ಸಹಿ ಹಾಕಿ ಎಂದರು. ಅಭಿಮಾನಿಗಳಿಗೆ ಹಾಕಿಕೊಡುವ ಹಾಗೆ ಸೊಗಸಾಗಿ ಹಾಕಿ, ಕೆಳಗೆ ‘ಪ್ರೀತಿಯಿಂದ’ ಎಂದು ಬರೆದೆ.

ಮನೆಗೆ ಬಂದವನೇ ಚಪ್ಪಲಿ ಬಿಡದೆ ಸೀತುವಿನ ಮುಂದೆ ಅಷ್ಟನ್ನೂ ಮರಾಠಿಯಲ್ಲೇ ಒಪ್ಪಿಸಿದೆ. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೇಳುತ್ತ ಕೇಳುತ್ತ ಕೆಂಪು ಪೆನ್ನು ಕೆಳಗಿಟ್ಟಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು, ಕಣ್ಣಲ್ಲಿ ನೀರು ತುಂಬಿತು.

“ಅಳಬೇಡ ಸೀತೂ. ಇಷ್ಟು ವರ್ಷ ನನ್ನ ಕಲೆಗೆ ನೀನು ಬೆಲೆ ಕೊಡಲಿಲ್ಲ ಅಂತ ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ.”

“ಅಲ್ಲಾ ರೀ,” ಎಂದಳು ಸೆರಗು ಸರಿಸಿ, “ಸತ್ತವರದ್ದು ದಿನಾ ತಗೋತೀನಿ ಅಂದ್ರಾ?”

“ಹೂಂ ಮತ್ತೆ! ದಾಸರ ಪದಗಳು ಇನ್ಯಾರದ್ದು?”

“ಆರಿಸಿದ್ದು ಪ್ರಾ... ಪ್ರಾಣ್ಯಾಚಂ?”

“ಪ್ರಾಣದ್ದೇ ಕಣೇ!”

ಎದ್ದು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡಳು. ಬಂದಾಗ ಮುಖ ತೊಳೆದು ಗಂಭೀರವಾಗಿದ್ದಳು. “ಗುರುವಾರ ನೀವು ಹೋಗೋದು ಖಂಡಿತ ತಾನೇ? ಹಿಂದಿನ ಸಲದ ಹಾಗೆ ಬಾಗಿಲ ತನಕ ಹೋಗಿ ಹೊಟ್ಟೆನೋವು ಅಂತ ವಾಪಸ್ ಬರಲ್ಲ ತಾನೇ?”

“ಪ್ರಳಯವಾದರೂ ಹೋಗ್ತೀನಿ.”

“ಹಾಗಾದ್ರೆ ಹತ್ತು ಜನರನ್ನ ಕರೀಬೇಕು ರೀ. ಕೇಳುಗರಿಲ್ಲದೆ ಎಂಥ ಬೈಠಕ್? ನಾನೇ ಎಲ್ಲರಿಗೂ ಫೋನ್ ಮಾಡ್ತೀನಿ.”

ಹಾಗೆಂದಳು! ನನ್ನ ಸೀತು! ನನ್ನ ಷಡ್ಜವನ್ನು ಕುಕ್ಕರಿಗೆ ಹೋಲಿಸಿದವಳು! ಅವತ್ತು ಬೇಳೆ ಬೇಯದ ಸಾರನ್ನು ನಾನು ಮನಸಾರೆ ಕ್ಷಮಿಸಿದೆ.

ಗುರುವಾರ ರೇಷ್ಮೆ ಜುಬ್ಬ ಹಾಕಿ, ಹೆಗಲಿಗೆ ಶಲ್ಯ ಇಳಿಬಿಟ್ಟು, ಶ್ರುತಿಪೆಟ್ಟಿಗೆ ಹಿಡಿದು ಧರಮಪೇಠ ತಲುಪಿದೆ. ಸೀತು ಮಾತಿಗೆ ತಪ್ಪಿರಲಿಲ್ಲ. ಆಸ್ಪತ್ರೆಯ ಹೊರಕೋಣೆ ತುಂಬಿ ತುಳುಕುತ್ತಿತ್ತು. ಕನ್ನಡ ಸಂಘದವರು, ಅವರ ಹೆಂಡತಿಯರು, ಕಾಲೊನಿಯಿಂದ ಬೇಬಿತಾಈ. ನಡುವೆ ತಬಲಾ ಇಟ್ಟುಕೊಂಡು ಉತ್ತಪ್ಪನವರು. ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾಗಿ ನಾಗಪುರದಲ್ಲೇ ನೆಲೆಸಿದವರು, ಸಂಘದ ಏಕೈಕ ತಬಲಾವಾದಕರು. ಹಲ್ಲುನೋವಿನವರು ಇಬ್ಬರು ಕೂರಲು ಜಾಗ ಸಿಗದೆ ಕೆನ್ನೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

“ಯಾವ ತಾಳ ಶ್ರೀಪಾದ್?” ಎಂದರು ಉತ್ತಪ್ಪನವರು.

“ನೀವು ಹೊರಗಿಂದಲೇ ಹಿಡೀರಿ. ಮೊದಲು ಆಲಾಪನೆ, ಆಮೇಲೆ ಆದಿತಾಳ.”

“ಚಿಂತೆ ಬೇಡ, ಕಿವಿಗೊಟ್ಟು ಕೂತಿರ್ತೀನಿ.”

ಬೇಬಿತಾಈ ನನ್ನ ಕೈ ಹಿಡಿದುಕೊಂಡು, “ಕಾರ್ಯಕ್ರಮಕ್ಕೆ ಮುಂಚೆ ತನ್ನ ಮೇಲೇ ಪ್ರಯೋಗ! ಎಂಥ ನಿಷ್ಠೆ ಜೀ!” ಎಂದರು. ಆ ಮಾತಿನ ಅರ್ಥ ನನಗಾಗಲಿಲ್ಲ, ಆದರೆ ಹೊಗಳಿಕೆಯ ಅರ್ಥ ಕೇಳುವುದು ನನ್ನ ಪದ್ಧತಿಯಲ್ಲ.

ಒಳಗೆ ಡಾಕ್ಟರು ಹಸಿರು ಗೌನು, ಟೋಪಿ, ಮುಖಕ್ಕೆ ಮುಸುಕು ಹಾಕಿಕೊಂಡು ನಿಂತಿದ್ದರು. ಗಾಯಕರ ಎಂಜಲು ಸಿಡಿಯುತ್ತದೆಂದು ಇರಬೇಕು, ಮೊದಲ ಸಾಲಿನವರಿಗೆ ಇದು ಸಹಜ ಎಂದು ಸಮಾಧಾನ ಮಾಡಿಕೊಂಡೆ. ಶ್ರುತಿಪೆಟ್ಟಿಗೆಯನ್ನು ಅವರ ಸಲಕರಣೆಗಳ ಪಕ್ಕದಲ್ಲಿಟ್ಟೆ. ನರ್ಸಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗಿಟ್ಟಳು.

“ಪಡಾ” ಎಂದರು ಡಾಕ್ಟರು, ಉದ್ದನೆಯ ಕುರ್ಚಿ ತೋರಿಸಿ.

ಪಡಾ ಅಂದರೆ ಮಲಗಿ. ನಾನು ನನ್ನ ಸಿದ್ಧಾಂತ ಹಚ್ಚಿ ‘ಪದ’ ಅಂದುಕೊಂಡೆ. ಒಂದು ಪದ ಹೇಳಿ! ಸಂತೋಷದಿಂದ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ನರ್ಸಮ್ಮ ಗುಂಡಿ ಒತ್ತಿದಳು. ಕುರ್ಚಿ ಹಿಂದಕ್ಕೆ ವಾಲಿತು, ನಾನೂ ವಾಲಿದೆ. ಮಲಗಿ ಹಾಡುವುದೂ ಒಂದು ಸಾಧನೆಯೇ ಅಂದುಕೊಂಡು, ಕಣ್ಣು ಮುಚ್ಚಿ, ಉಸಿರು ತುಂಬಿ, ಬಾಯಿ ಅಗಲವಾಗಿ ತೆರೆದು ‘ಸಾ’ ಎಂದೆ.

“ಛಾನ್, ಚೆನ್ನಾಗಿದೆ! ಹಾಗೇ ತೆರೆದಿಡಿ” ಎಂದರು ಡಾಕ್ಟರು. ಸೂಜಿ ಒಳಗೆ ಹೋಯಿತು.

ಅಮ್ಮಾ! ಆ ಷಡ್ಜ ಎಲ್ಲಿಂದ ಎಲ್ಲಿಗೆ ಏರಿತೋ ದೇವರಿಗೇ ಗೊತ್ತು. ಮಂದ್ರದಲ್ಲಿ ಶುರುವಾದದ್ದು ಅತಿತಾರ ಮುಟ್ಟಿ ಅಲ್ಲಿಂದ ಗಮಕಗಳ ಸಮೇತ ಉರುಳುರುಳಿ ಇಳಿಯಿತು. ಹೊರಗಿನಿಂದ “ವಾಹ್! ಕ್ಯಾ ಬಾತ್!” ಎಂಬ ಉದ್ಗಾರ ಕೇಳಿತು. ಉತ್ತಪ್ಪನವರು ತಬಲಾ ಶುರು ಮಾಡಿಯೇಬಿಟ್ಟರು. ನಾನು ಎದ್ದು ಓಡಲು ನೋಡಿದೆ. ಯಾರೋ ನನ್ನ ಎರಡೂ ಕಾಲುಗಳನ್ನು ಭದ್ರವಾಗಿ ಹಿಡಿದಿದ್ದರು. ಕಣ್ಣು ಬಿಟ್ಟು ನೋಡಿದರೆ ಸೀತಾಲಕ್ಷ್ಮಿ! ಮದುವೆಯಾದ ಮೇಲೆ ಅವಳು ನನ್ನ ಕಾಲು ಹಿಡಿದದ್ದು ಅದೇ ಮೊದಲು.

“ಓಡಬೇಡಿ ರೀ. ಹೊರಗೆ ಅಷ್ಟು ಜನ ಕೂತಿದ್ದಾರೆ, ಯಾವ ಮುಖ ಇಟ್ಕೊಂಡು ಓಡ್ತೀರಿ?” ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮೆತ್ತಗೆ, ದಡ್ಡ ಹುಡುಗನಿಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದಳು: “ಮರಾಠಿಯಲ್ಲಿ ಹಾಡ್ ಅಂದ್ರೆ ಎಲುಬು. ಹಲ್ಲು ಕೀಳಿಸಿ ಎರಡು ವರ್ಷ ಹಾಗೇ ಬಿಟ್ರಲ್ಲ, ಅಲ್ಲಿಯ ದವಡೆ ಎಲುಬು ಕರಗಿಹೋಗಿದೆ. ಇವತ್ತು ಅಲ್ಲಿಗೆ ಎಲುಬು ತುಂಬ್ತಾರೆ.”

“ಫ್ರಾಣ... ಫ್ರಾಣ...” ಎಂದೆ. ತುಟಿ ಮರಗಟ್ಟಿತ್ತು.

“ಪ್ರಾಣ ಅಲ್ಲ ರೀ, ಪ್ರಾಣಿ! ನೀವು ಎದೆ ಮುಟ್ಕೊಂಡು ಕೇಳಿದ್ದು ಪ್ರಾಣಿ ಎಲುಬು. ಆವತ್ತೇ ಡಾಕ್ಟರಿಗೆ ಫೋನ್ ಮಾಡಿ, ನಮ್ಮ ಮನೆಯಲ್ಲಿ ಸತ್ತವರನ್ನ ಯಾರೂ ತಿನ್ನಲ್ಲ ಅಂತ ಒಪ್ಪಿಸಿ, ಕೃತ್ರಿಮದ್ದು ಹೇಳಿದ್ದೀನಿ. ಅದು ಬರೀ ಪುಡಿ. ನಿಮ್ಮ ಮಡಿಗೇನೂ ಆಗಲ್ಲ.”

ಎಲ್ಲಾ ಗೊತ್ತಿತ್ತು ಇವಳಿಗೆ! ಸೆರಗು ಬಾಯಿಗೊತ್ತಿಕೊಂಡ ಆ ಗಳಿಗೆಯಿಂದ ಗೊತ್ತಿತ್ತು! ನಾನು ಓಡಿಹೋಗಬಾರದು ಅಂತಲೇ ಊರೆಲ್ಲ ಕರೆಸಿ ಬಾಗಿಲಿಗೆ ಅಡ್ಡ ಕೂರಿಸಿದ್ದಳು! ನಾನು ಕೂಗಾಡಿದೆ, ಬ್ರಹ್ಮಾಂಡವಾಗಿ ಕೂಗಾಡಿದೆ. ಬಂದದ್ದು ‘ಆಆ... ಊಊ’ ಅಷ್ಟೆ. ಅದಕ್ಕೆ ತಕ್ಕ ಹಾಗೆ ಹೊರಗೆ ತಬಲಾ ದ್ರುತಕ್ಕೆ ಏರಿತು.

“ನನಗೆ ಗೊತ್ತು ನೀವು ಏನು ಬೈತಿದ್ದೀರಿ ಅಂತ,” ಎಂದಳು ಸೀತು, ಕಾಲಿನ ಹಿಡಿತ ಸಡಿಲಿಸದೆ. “ಬೈರಿ. ದಿನಾ ಒಂದು ಕಡೆ ಅಗಿದು, ಬೇಳೆ ಬೆಂದಿಲ್ಲ ಅಂತ ನನ್ನನ್ನ ಬೈತಿದ್ರಲ್ಲ, ಅದಕ್ಕಿಂತ ಇದೇ ವಾಸಿ. ನೀವು ನೆಟ್ಟಗೆ ನಕ್ಕು ಎರಡು ವರ್ಷ ಆಯ್ತು ರೀ. ಫೋಟೋ ತೆಗೆಯುವಾಗೆಲ್ಲ ಬಾಯಿಗೆ ಕೈ ಅಡ್ಡ ಇಡ್ತೀರಿ. ನನಗೆ ನೋಡೋಕೆ ಆಗಲ್ಲ.”

ಒದೆಯುತ್ತಿದ್ದ ಕಾಲು ನಿಲ್ಲಿಸಿ, ಬಾಯಿ ಇನ್ನಷ್ಟು ಅಗಲ ತೆರೆದೆ.

ಕೆಲಸ ಮುಗಿಯಿತು. ನಿಜ ಹೇಳಬೇಕೆಂದರೆ ಆ ಮೊದಲ ಚುಚ್ಚು ಬಿಟ್ಟರೆ ನೋವೇ ಆಗಲಿಲ್ಲ. (ಇದನ್ನು ಸೀತುವಿಗೆ ಹೇಳಿಲ್ಲ, ನೀವೂ ಹೇಳಬೇಡಿ.) ಹೊಲಿಗೆ ಹಾಕಿ ಡಾಕ್ಟರು ಹೇಳಿದರು: “ಹಾಡ್ ಗಟ್ಟಿಯಾಗೋಕೆ ಆರು ತಿಂಗಳು ಬೇಕು. ಆಮೇಲೆ ಹಲ್ಲು. ಸದ್ಯಕ್ಕೆ ಗಟ್ಟಿ ತಿನ್ನೋದು, ಊದೋದು, ಸೀಟಿ ಹೊಡೆಯೋದು ಏನೂ ಕೂಡದು.”

“ಹಾಡಬಹುದಾ?” ಎಂದು ಸೀತು ನನ್ನ ಪರವಾಗಿ ಕೇಳಿದಳು.

“ಇವರಿಗೆ ಅದೂ ಸೀಟಿಯೇ ಅಲ್ಲವಾ?” ಎಂದರು ಡಾಕ್ಟರ್ ನಯನಾ. ಅವರಿಗೂ ಎಲ್ಲ ಗೊತ್ತಾಗಿತ್ತು.

ಊದಿದ ಕೆನ್ನೆಗೆ ಐಸ್ ಒತ್ತಿಕೊಂಡು ಹೊರಗೆ ಬಂದಾಗ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. “ರಾಗ ಯಾವುದು ಅಂತ ಗೊತ್ತಾಗಲಿಲ್ಲ, ಆದ್ರೆ ಭಾವ ಇತ್ತು!” ಎಂದರು ಉತ್ತಪ್ಪನವರು.

ಗಣಪತಿ ಬಂದ. ನನ್ನ ಹಾಡು ಹೋಯಿತು. ಕಾರ್ಯಕ್ರಮ ರದ್ದು ಮಾಡಿ ಎಂದು ಹೇಳೋಣವೆಂದು ಭಾರವಾದ ಮನಸ್ಸಿನಿಂದ, ಅದಕ್ಕಿಂತ ಭಾರವಾದ ಕೆನ್ನೆಯಿಂದ ಪೆಂಡಾಲಿಗೆ ಹೋದರೆ ಬಾಗಿಲಲ್ಲೇ ದೊಡ್ಡ ಬೋರ್ಡು. ನನ್ನ ಹೆಸರು! ಸೀತು ಓದಿ ಹೇಳಿದಳು: “ಆರೋಗ್ಯ ಸಂಜೆ. ವಿಷಯ, ನಿಮ್ಮ ಎಲುಬಿನ ಕಾಳಜಿ. ಭಾಷಣಕಾರರು, ಶ್ರೀ ಶ್ರೀಪಾದ.”

ನೆನಪಿದೆಯೆ ನಿಮಗೆ, ‘ಮಾಝ್ಯಾ ಹಾಡಾಚಾ ಕಾರ್ಯಕ್ರಮ್’? ನಲವತ್ತು ದಾಟಿದ ಹೆಂಗಸರಿಗೆ ಬೇಕೇ ಬೇಕಾದದ್ದು?

ತಪ್ಪಿಸಿಕೊಳ್ಳುವಷ್ಟರಲ್ಲಿ ಬೇಬಿತಾಈ ಮೈಕ್ ಹಿಡಿದಾಗಿತ್ತು. ಭಾಷಣಕ್ಕೋಸ್ಕರ ತನ್ನ ದವಡೆಯನ್ನೇ ಒತ್ತೆಯಿಟ್ಟ ಮಹಾನುಭಾವ ಎಂದು ಪರಿಚಯಿಸಿದರು. ತಳ್ಳಿದವರು ಯಾರೋ, ನಾನು ವೇದಿಕೆಯ ಮೇಲಿದ್ದೆ! ವರ್ಷಗಟ್ಟಲೆ ಕನಸು ಕಂಡ ವೇದಿಕೆ! ಕನ್ನಡ, ಹಿಂದಿ, ಬಾಲ ಕತ್ತರಿಸಿದ ಮರಾಠಿ ಎಲ್ಲ ಕಲಸಿ, ಸೀಟಿ ಹೊಡೆಯದಂತೆ ‘ಸ’ಕಾರಗಳನ್ನೆಲ್ಲ ನುಂಗಿಕೊಂಡು ಹೇಳಿದೆ. ಹಲ್ಲು ಕೀಳಿಸಿದರೆ ಸುಮ್ಮನೆ ಕೂರಬೇಡಿ, ನನ್ನನ್ನು ನೋಡಿ. ಕೆಲಸ ತಪ್ಪಿದ ಎಲುಬು ಕೂತಲ್ಲೇ ಕರಗುತ್ತದೆ. ಮೊದಲೇ ಹೋದರೆ ಒಂದು ಸಲದ ಕೆಲಸ, ತಡ ಮಾಡಿದರೆ ಮೊದಲು ಪುಡಿ, ಆಮೇಲೆ ಹಲ್ಲು. ಕೆನ್ನೆ ತಿರುಗಿಸಿ ಊತವನ್ನು ಮೂರೂ ದಿಕ್ಕಿಗೆ ತೋರಿಸಿದೆ. ಏನು ಚಪ್ಪಾಳೆ ಅಂತೀರಿ! ಹೆಂಗಸರು ಸಾಲುಗಟ್ಟಿ ಬಂದು ಬಾಯಿ ತೆರೆದು ತಮ್ಮ ತಮ್ಮ ಖಾಲಿ ಜಾಗ ತೋರಿಸಿದರು.

ಇಷ್ಟು ಸಾಕಪ್ಪಾ ಎಂದು ಬಂದು ಕೆನ್ನೆಗೆ ಐಸ್ ಒತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಬೇಬಿತಾಈ ಮತ್ತೆ ಮೈಕ್ ಹಿಡಿದರು. “ಆತಾ ಗಾಣಂ!” ಎಂದರು. ಈಗ ಹಾಡು ಅಂತ. ಹಾಡಿಗೆ ಮರಾಠಿಯಲ್ಲಿ ಗಾಣಂ ಅನ್ನುತ್ತಾರಂತೆ. ಕನ್ನಡದ ‘ಗಾನ’ ಕಣ್ರೀ! ಬಾಲ ಕತ್ತರಿಸುವ ಕೆಲಸವೇ ಇರಲಿಲ್ಲ!

ಯಾರಪ್ಪಾ ಹಾಡುವವರು ಎಂದು ಕತ್ತು ಚಾಚಿದೆ. ಜರಿಸೀರೆ ಉಟ್ಟು, ನನ್ನದೇ ಶ್ರುತಿಪೆಟ್ಟಿಗೆ ಹಿಡಿದು ವೇದಿಕೆ ಹತ್ತುತ್ತಿದ್ದವಳು ಸೀತಾಲಕ್ಷ್ಮಿ. ಪಕ್ಕದಲ್ಲಿ ತಬಲಾ ಹಿಡಿದು ಉತ್ತಪ್ಪನವರು. ಹೆಸರು ಯಾವಾಗ ಕೊಟ್ಟಳೋ, ಅಭ್ಯಾಸ ಯಾವಾಗ ಮಾಡಿದಳೋ, ನನಗೆ ಗೊತ್ತೇ ಇಲ್ಲ. ಕಣ್ಣು ಮುಚ್ಚಿ ‘ಸಾ...’ ಎಂದಳು. ಎಲ್ಲ ಹಲ್ಲೂ ಇರುವ ಷಡ್ಜ, ತುಪ್ಪದ ಹಾಗೆ ಜಾರಿತು. ನನ್ನ ಪಕ್ಕದ ಕುರ್ಚಿಯವರು ತಲೆದೂಗಿದರು. ನಾನೂ ತಲೆದೂಗಿದೆ, ಐಸ್ ಜಾರಿ ಜುಬ್ಬದೊಳಗೆ ಬಿತ್ತು.

ಈಗ ಅವಳಿಗೆ ನಾನಾ ಕಡೆಯಿಂದ ಕರೆ ಬರುತ್ತಿದೆ. ನನಗೂ ಬರುತ್ತಿದೆ, ಎಲುಬಿನ ಭಾಷಣಕ್ಕೆ. ಕಾಲೊನಿಯ ಮಕ್ಕಳು ನನ್ನನ್ನು ಹಾಡ್‌ವಾಲೇ ಕಾಕಾ ಅನ್ನುತ್ತವೆ. ಬೆಳಿಗ್ಗೆ ಹಜಾರದಲ್ಲಿ ಶ್ರುತಿಪೆಟ್ಟಿಗೆ ಮುಂದೆ ಸೀತು ಕಣ್ಣು ಮುಚ್ಚಿ ಕೂತಿರುತ್ತಾಳೆ. ಮಧ್ಯದಲ್ಲಿ ಎಬ್ಬಿಸಿದರೆ ರಾಗ ಕೆಡುತ್ತದಂತೆ. ಅದಕ್ಕೇ ನಾನು ಅಡಿಗೆಮನೆಯಲ್ಲಿ ಕುಕ್ಕರಿನ ಪಕ್ಕ ನಿಂತು ಕೂಗು ಎಣಿಸುತ್ತೇನೆ. ಮೂರು ಕೂಗಿಗೆ ಬೇಳೆ ಬರೋಬರ್ ಬೇಯುತ್ತದೆ.